ಹಾಲ್ ಸಿಕ್ಕ ದಿನವೇ ಯುಗಾದಿ

ಏಪ್ರಿಲ್ ಬಂತು ಅಂದ್ರೆ ನ್ಯೂಜೆರ್ಸಿಯ ನಮ್ಮ ಪುಟ್ಟ ಊರಲ್ಲಿ ಒಂದು ವೀಕೆಂಡೂ ಖಾಲಿ ಇರುವುದಿಲ್ಲ. ಹೋದ ವಾರ ಪಾರ್ಕಿನಲ್ಲಿ ಮಕ್ಕಳಿಗೆ ಈಸ್ಟರ್ ಮೊಟ್ಟೆ ಹುಡುಕುವ ಆಟ. ಹುಡುಕುವುದೇನು ಬಂತು, ಹುಲ್ಲಿನ ಮೇಲೆ ಸುಮ್ನೆ ಚೆಲ್ಲಿದ್ದರು! ಸೀಟಿ ಊದಿದ ಮೂರೇ ನಿಮಿಷಕ್ಕೆ ಎಲ್ಲ ಗುಡಿಸಿದ ಹಾಗೆ ಖಾಲಿ. ಮಗಳಿಗೆ ಸಿಕ್ಕಿದ್ದು ನಾಲ್ಕು ಪ್ಲಾಸ್ಟಿಕ್ ಮೊಟ್ಟೆ, ಅದರಲ್ಲೊಂದು ಒಡಕು.

ನಿನ್ನೆ ಕನ್ನಡ ಕೂಟದ ಯುಗಾದಿ. ಹಬ್ಬ ಮುಗಿದು ಎಷ್ಟೋ ದಿನವಾಗಿದೆ, ಆದರೆ ಇಲ್ಲಿ ಪಂಚಾಂಗ ನೋಡುವವರು ಯಾರು? ಶಾಲೆಯ ಹಾಲ್ ಸಿಕ್ಕ ದಿನವೇ ಚೈತ್ರ ಶುದ್ಧ ಪಾಡ್ಯ. ಬೇವಿನ ಹೂವು ಇಂಡಿಯನ್ ಅಂಗಡಿಯ ಒಣ ಪ್ಯಾಕೆಟ್ಟಿನದು. ಕಹಿ ಮಾತ್ರ ಊರಿನದಕ್ಕಿಂತ ಜಾಸ್ತಿಯೇ ಇತ್ತು. ಹೋಳಿಗೆ ನನ್ನ ಸರದಿ ಬರುವಷ್ಟರಲ್ಲಿ ಮುಗಿದಿತ್ತು. ಇರಲಿ ಬಿಡಿ.

ಇವತ್ತು ನ್ಯೂವರ್ಕಿನ ಬ್ರಾಂಚ್ ಬ್ರೂಕ್ ಪಾರ್ಕಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. 1927ರಲ್ಲಿ ಕ್ಯಾರೊಲಿನ್ ಬ್ಯಾಂಬರ್ಗರ್ ಫುಲ್ಡ್ ಎಂಬಾಕೆ 2,000 ಚೆರಿ ಗಿಡ ಕೊಟ್ಟರಂತೆ. ಈಗ 5,000ಕ್ಕೂ ಹೆಚ್ಚು ಮರಗಳಿವೆ, ಚೆರಿ ಹೂವಿಗೆ ಹೆಸರಾದ ರಾಜಧಾನಿ ವಾಷಿಂಗ್ಟನ್‌ಗಿಂತ ಜಾಸ್ತಿ. ಗಾಳಿ ಬೀಸಿದಾಗಲೆಲ್ಲ ಅಮ್ಮನ ಸ್ವೆಟರ್ ಮೇಲೆ ಗುಲಾಬಿ ಎಸಳು. ಹೂವು ನಿಲ್ಲುವುದೇ ಒಂದು ವಾರ. ಅಷ್ಟಕ್ಕೇ ಇಷ್ಟೊಂದು ಜನ ಬರ್ತಾರಲ್ಲ ಅಂದುಕೊಂಡೆ.

ಅಮ್ಮನ ಯೋಚನೆ ಬೇರೆ. "ಇಷ್ಟು ಹೂವು ಬಿಟ್ಟಿದೆ, ಹಣ್ಣು ಯಾವಾಗ ಬರುತ್ತೋ?"

"ಇದು ಹಣ್ಣಿಗಲ್ಲಮ್ಮ, ಸುಮ್ನೆ ನೋಡೋಕೆ."

ನಂಬಲಿಲ್ಲ. ಕಾರು ಹತ್ತುವವರೆಗೂ ಕೊಂಬೆಗಳನ್ನೇ ನೋಡುತ್ತಿದ್ದಳು.