ಪಾಪೇ ದ್ವೀಪದ ತಗ್ಗು ಬಾಗಿಲು

ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿರುವ ಭಾವ ಎರಡು ವರ್ಷದಿಂದ ಹೇಳುತ್ತಲೇ ಇದ್ದರು: "ಒಂದು ಸಲ ಬಾ, ಜಗತ್ತಿನ ಅತಿ ಚಿಕ್ಕ ವಿಮಾನ ಪ್ರಯಾಣ ಮಾಡಿಸುತ್ತೇನೆ." ಸಮುದ್ರದ ನಡುವಿನ ತೈಲಬಾವಿಗಳಿಗೆ ಹೆಲಿಕಾಪ್ಟರಿನಲ್ಲಿ ಹೋಗಿ ಬರುವುದೇ ಉದ್ಯೋಗವಾದ ಮನುಷ್ಯನಿಗೆ ಹಾರುವ ಚಪಲ ಇನ್ನೂ ಯಾಕೆ ತೀರಿಲ್ಲವೋ ತಿಳಿಯದು. ಅಂತೂ ಜುಲೈ ಮೊದಲ ವಾರ ಅಬರ್ಡೀನಿನಲ್ಲಿ ಹಡಗು ಹತ್ತಿ, ಆರು ಗಂಟೆ ಓಲಾಡಿ, ಆರ್ಕ್ನಿ ದ್ವೀಪಗಳ ಮುಖ್ಯ ಊರು ಕರ್ಕ್‌ವಾಲ್ ತಲುಪಿದೆವು. ರಾತ್ರಿ ಹನ್ನೊಂದು ದಾಟಿತ್ತು, ಬಾನಿನ ಬೆಳಕು ಮಾತ್ರ ಆರಿರಲಿಲ್ಲ. ಬೇಸಿಗೆಯ ಆ ಅರೆಬೆಳಕನ್ನು ಆರ್ಕ್ನಿಯವರು ಗ್ರಿಮ್ಲಿನ್ಸ್ ಎನ್ನುತ್ತಾರೆ.

ಮರುದಿನ ನಾವು ಹತ್ತಿದ ಐಲ್ಯಾಂಡರ್ ವಿಮಾನ ಹಳೆಯ ಓಮ್ನಿಗೆ ರೆಕ್ಕೆ ಹಚ್ಚಿದ ಹಾಗಿತ್ತು. ಭಾವನಿಗೆ ಪೈಲಟ್ ಪಕ್ಕದ ಸೀಟು ಸಿಕ್ಕಿತು, ಮುಖ ಮೊರದಗಲವಾಯಿತು. ವೆಸ್ಟ್ರೆ ದ್ವೀಪದಲ್ಲಿ ಇಳಿದು, ಕೆಲವರನ್ನು ಇಳಿಸಿ, ಮತ್ತೆ ಎದ್ದಿತು. ಅಲ್ಲಿಂದ ಪಾಪಾ ವೆಸ್ಟ್ರೆಗೆ 2.7 ಕಿಲೋಮೀಟರು; ಎಡಿನ್‌ಬರೋ ನಿಲ್ದಾಣದ ರನ್‌ವೇಗಿಂತ ತುಸುವೇ ಹೆಚ್ಚು. 1967ರಿಂದ ಓಡುತ್ತಿರುವ ಈ ಹಾರಾಟಕ್ಕೆ ವೇಳಾಪಟ್ಟಿಯಲ್ಲಿ ಕೊಟ್ಟಿರುವುದು ಎರಡು ನಿಮಿಷ. ಗಾಳಿ ಒಲಿದ ದಿನ 53 ಸೆಕೆಂಡಿನಲ್ಲೂ ಮುಗಿದಿದೆಯಂತೆ. ಕಿಟಕಿ ನೋಡಲೋ ಗಡಿಯಾರ ನೋಡಲೋ ಎಂದು ನಾನು ಯೋಚಿಸುವಷ್ಟರಲ್ಲಿ ಚಕ್ರ ನೆಲ ಮುಟ್ಟಿತ್ತು. "ಹೇಗಿತ್ತು?" ಎಂದರು ಭಾವ. ಚೆನ್ನಾಗಿತ್ತು ಎಂದೆ. ಅಷ್ಟು ದೂರದಿಂದ ಕರೆಸಿಕೊಂಡವರಿಗೆ ಇನ್ನೇನು ಹೇಳುವುದು?

ದ್ವೀಪದವರ ಬಾಯಲ್ಲಿ ಇದು ಬರಿಯ ಪಾಪೇ. ಇಲ್ಲಿದ್ದ ಕ್ರೈಸ್ತ ಸಂನ್ಯಾಸಿಗಳನ್ನು ನಾರ್ವೆ ಕಡೆಯಿಂದ ಬಂದ ನಾರ್ಸ್ ಜನ 'ಪಾಪರ್' ಎಂದು ಕರೆಯುತ್ತಿದ್ದರು, ಹೆಸರು ಬಂದದ್ದು ಅಲ್ಲಿಂದ. ಉದ್ದ ಆರೂವರೆ ಕಿಲೋಮೀಟರು, ಅಗಲ ಒಂದೂವರೆಗೆ ಸ್ವಲ್ಪ ಹೆಚ್ಚು. 2011ರ ಜನಗಣತಿಯಲ್ಲಿ 90 ಜನ. ಅಂಗಡಿ ಒಂದೇ, ಊರಿನವರ ಸಹಕಾರ ಸಂಘ ನಡೆಸುವ ಆ ಅಂಗಡಿಯ ಸೂರಿನಡಿಯಲ್ಲೇ ನಮ್ಮ ವಸತಿಗೃಹವೂ ಇತ್ತು. ಬ್ರೆಡ್ಡು ಕೊಳ್ಳುವಾಗ ಗಲ್ಲೆಯಲ್ಲಿದ್ದ ಹಿರಿಯ ಹೆಂಗಸು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಉತ್ತರದ ಗುಡ್ಡಕ್ಕೆ ಹೋಗುವುದಾದರೆ ಕೋಲು ಹಿಡಿದುಕೊಳ್ಳಿ" ಎಂದರು. ನಾಯಿಗಳಿವೆಯೇ ಎಂದೆ. "ನಾಯಿಯಲ್ಲ, ಹಕ್ಕಿ" ಎಂದು ಚಿಲ್ಲರೆ ಎಣಿಸಿ ಕೊಟ್ಟರು.

ಗುಡ್ಡಕ್ಕಿಂತ ಮೊದಲು ಪಡುವಣ ದಂಡೆಗೆ ಹೋದೆವು. ಹಾಲೆಂಡ್ ಎಂಬ ಹಳೆಯ ಜಮೀನ್ದಾರಿ ತೋಟದಮನೆಯ ಬದಿಯಿಂದ ಇಳಿದು, ದನಗಳ ನಡುವೆ ಹಾದರೆ ಸಮುದ್ರಕ್ಕೆ ಆತುಕೊಂಡಂತೆ ನ್ಯಾಪ್ ಆಫ್ ಹೋವರ್ ಇದೆ. ದೂರಕ್ಕೆ ಏನೂ ಕಾಣುವುದಿಲ್ಲ, ಹುಲ್ಲಿನ ದಿಬ್ಬವಷ್ಟೆ. ಹತ್ತಿರ ಬಂದರೆ ನೆಲದೊಳಗೆ ಇಳಿದ ಎರಡು ಮನೆಗಳು, ಒಂದರ ಪಕ್ಕ ಒಂದು. ಕ್ರಿ.ಪೂ. 3700ರಿಂದ 2800ರವರೆಗೆ ಇಲ್ಲಿ ಜನ ಬಾಳಿದ್ದರು. ಗೀಜಾದ ಮಹಾ ಪಿರಮಿಡ್ಡಿಗೆ ಕಲ್ಲು ಹೊರುವ ಹೊತ್ತಿಗೆ ಈ ಮನೆ ಹಾಳು ಸುರಿಯುತ್ತಿತ್ತು. ಉತ್ತರ ಯುರೋಪಿನಲ್ಲಿ ಇನ್ನೂ ನಿಂತಿರುವ ಅತಿ ಹಳೆಯ ಕಲ್ಲಿನ ಮನೆಗಳಿವು ಎನ್ನುತ್ತಾರೆ. ಟಿಕೆಟ್ಟಿಲ್ಲ, ಕಾವಲುಗಾರನಿಲ್ಲ.

ಬಾಗಿಲು ಸಮುದ್ರದ ಕಡೆಗೆ. ನಡು ಮುರಿಯುವಷ್ಟು ಬಗ್ಗಿ, ಗೋಡೆಯ ದಪ್ಪದಷ್ಟು ಉದ್ದದ ಓಣಿಯಲ್ಲಿ ನುಸುಳಿ ಒಳಗೆ ಹೋಗಿ ನಿಂತರೆ ಗಾಳಿ ಒಮ್ಮೆಲೇ ನಿಂತುಹೋಯಿತು. ಅಲ್ಲಿಯವರೆಗೆ ಅದು ಎಷ್ಟು ಜೋರಾಗಿತ್ತೆಂದು ಕಿವಿಗೆ ತಿಳಿದದ್ದು ಆಗಲೇ. ಮಾಡು ಎಂದೋ ಹೋಗಿದೆ. ಗೋಡೆಗಳು ನನ್ನ ಗಲ್ಲದವರೆಗೆ ಇವೆ. ದೊಡ್ಡ ಮನೆ ಒಳಗೆ ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ. ನಡುವೆ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಎರಡು ಕೋಣೆ ಮಾಡಿದ್ದಾರೆ. ಹೊರಗಿನದರಲ್ಲಿ ಗೋಡೆಗೆ ಒತ್ತಿ ಕಲ್ಲಿನ ಜಗಲಿ. ಒಳಗಿನದು ಅಡುಗೆಮನೆಯೇ ಇರಬೇಕು, ಅಲ್ಲಿ ಅರೆಯುವ ಕಲ್ಲು ಇನ್ನೂ ಕುಳಿತಿದೆ, ನಡುವೆ ಸವೆದು ದೋಣಿಯಂತಾಗಿ. ಅಜ್ಜಿಯ ಮನೆಯ ಒರಳನ್ನು ಮುಟ್ಟಿ ಬೆಳೆದ ಕೈಗೆ ಅದು ಯಾಕೆ ಹಾಗೆ ನುಣುಪಾಗಿದೆಯೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅರೆದದ್ದು ಬಾರ್ಲಿಯನ್ನೋ ಗೋಧಿಯನ್ನೋ ಇರಬೇಕು. ದನ, ಕುರಿ, ಹಂದಿ ಸಾಕಿದ್ದರು, ಮೀನು ಹಿಡಿಯುತ್ತಿದ್ದರು.

ಮನೆಯಿಂದ ಮನೆಗೆ ಗೋಡೆಯೊಳಗೇ ಒಂದು ಕಳ್ಳದಾರಿ. ಚಿಕ್ಕ ಮನೆಯಲ್ಲಿ ಮೂರು ಭಾಗ, ನಡುವೆ ಒಲೆಯ ಜಾಗ, ಒಳಗಿನ ಗೋಡೆಯ ತುಂಬ ಗೂಡುಗಳು. ಚೌಕಟ್ಟಾದ, ಅಚ್ಚುಕಟ್ಟಾದ, ಕೈಗೆ ಎಟಕುವ ಎತ್ತರದ ಗೂಡುಗಳು. ಅಡ್ಡಕ್ಕೆ ಕಲ್ಲಿನ ಹಲಗೆ. ಅಮ್ಮನ ಹಳೆಯ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಗಳು ಕೂರುತ್ತಿದ್ದ ಕಡಪಾ ಕಲ್ಲಿನ ಹಲಗೆಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಪಾಪೇಯಲ್ಲಿ ಮರವಿಲ್ಲ, ಆದರೆ ಪದರು ಪದರಾಗಿ ಸೀಳಿ ಬರುವ ಕಲ್ಲು ಬೇಕಾದಷ್ಟಿದೆ. ಮರದಲ್ಲಿ ಮಾಡಬೇಕಾದದ್ದನ್ನು ಕಲ್ಲಿನಲ್ಲಿ ಮಾಡಿಕೊಂಡದ್ದರಿಂದಲೇ ಅವರ ಮನೆಯ ಸಾಮಾನು ಸರಂಜಾಮು ನಮ್ಮ ಕಣ್ಣಿಗೆ ಉಳಿಯಿತು.

ಗೋಡೆಯ ಗುಟ್ಟು ನನಗೆ ಇನ್ನೂ ಹಿಡಿಸಿತು. ಹೊರಗೊಂದು ಕಲ್ಲುಸಾಲು, ಒಳಗೊಂದು. ನಡುವೆ ತುಂಬಿರುವುದು ತಿಪ್ಪೆ. ಚಿಪ್ಪು, ಮೂಳೆ, ಬೂದಿ, ಮನೆಯ ಕಸವೆಲ್ಲ ಕೊಳೆತು ಗಟ್ಟಿಯಾದದ್ದನ್ನೇ ಗಾಳಿ ನುಗ್ಗದಂತೆ ತುರುಕಿದ್ದಾರೆ. 1930ರ ದಶಕದಲ್ಲಿ ಮೊದಲು ಅಗೆದಾಗ ಇದನ್ನು ಕಬ್ಬಿಣಯುಗದ್ದೆಂದು ಎಣಿಸಿದ್ದರು. 1970ರ ದಶಕದಲ್ಲಿ ಮತ್ತೆ ಅಗೆದು ಮೂಳೆಗಳನ್ನು ಪರೀಕ್ಷಿಸಿದ ಮೇಲೆ ಮನೆಯ ವಯಸ್ಸು ಏಕಾಏಕಿ ಸಾವಿರಾರು ವರ್ಷ ಹಿಂದಕ್ಕೆ ಹೋಯಿತು. ಅವರು ಬಿಸಾಡಿದ್ದೇ ಅವರ ಪರವಾಗಿ ಸಾಕ್ಷಿ ನುಡಿಯಿತು.

ಮರುದಿನ ಕೋಲು ಹಿಡಿದು ಗುಡ್ಡ ಹತ್ತಿದೆವು. ಗುಡ್ಡವೆನ್ನುವುದು ದ್ವೀಪದವರ ಅಭಿಮಾನ. ಬಯಲುಸೀಮೆಯ ದಿಬ್ಬದಷ್ಟೂ ಇಲ್ಲ. ಹೆಂಗಸು ಹೇಳಿದ ಹಕ್ಕಿ ಆರ್ಕ್ಟಿಕ್ ಟರ್ನ್, ನಮ್ಮ ಭದ್ರಾ ಹಿನ್ನೀರಿನ ನದಿ ರೀವದ ನೆಂಟ. ಚಳಿಗಾಲಕ್ಕೆ ಅಂಟಾರ್ಕ್ಟಿಕಾದವರೆಗೂ ಹೋಗಿ ಬರುವ ಇದಕ್ಕೆ ಮರಿಗಳಿರುವಾಗ ಮನುಷ್ಯರೆಂದರೆ ಆಗದು. ಕಿರ್ರೆಂದು ಮೇಲಿಂದ ಎರಗುತ್ತದೆ. ಅತಿ ಎತ್ತರದ ತುದಿಗೇ ಕುಕ್ಕುತ್ತದೆ, ಕೋಲು ಅದಕ್ಕಾಗಿ. ಭಾವ ನನಗಿಂತ ಉದ್ದ, ಕೋಲು ಹಿಡಿಯಲು ಅವರಿಗೆ ನಾಚಿಕೆ ಬೇರೆ. ಎರಡು ಸಲ ಟೋಪಿಗೆ ಕುಕ್ಕಿಸಿಕೊಂಡ ಮೇಲೆ ನಾಚಿಕೆ ಹೋಯಿತು.

ಓಡುತ್ತ ಬಗ್ಗಿದ್ದರಿಂದಲೇ ನನಗೆ ಹೂವು ಕಂಡದ್ದು. ಪ್ರಿಮ್ಯುಲಾ ಸ್ಕಾಟಿಕಾ: ಹೆಬ್ಬೆರಳ ಎತ್ತರ, ನೇರಳೆ ಎಸಳು, ನಡುವೆ ಅರಿಸಿನದ ಬೊಟ್ಟು. ಸ್ಕಾಟ್ಲೆಂಡಿನ ಉತ್ತರ ತುದಿಯಲ್ಲೂ ಆರ್ಕ್ನಿಯಲ್ಲೂ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ವರ್ಷಕ್ಕೆ ಎರಡು ಸಲ ಅರಳುತ್ತದೆ. ಎರಡನೆಯ ಸರದಿಗೆ ನಾವು ಬಂದಿದ್ದೆವು.

ಮೂಡಣ ದಂಡೆಯ ಫೌಲ್ ಕ್ರೇಗ್ ಬಂಡೆಯ ಬಳಿ ಒಂದು ಸ್ಮಾರಕವಿದೆ. ಆರ್ಕ್ನಿಯ ಕೊನೆಯ ಗ್ರೇಟ್ ಆಕ್ ಹಕ್ಕಿಯನ್ನು ಇಲ್ಲಿ ಕೊಂದದ್ದು 1813ರಲ್ಲಿ, ಲಂಡನ್ನಿನ ವಸ್ತುಸಂಗ್ರಹಾಲಯವೊಂದಕ್ಕಾಗಿ. ಹಾರಲಾರದ, ಮುಕ್ಕಾಲು ಮೀಟರ್ ಎತ್ತರದ ಹಕ್ಕಿ. 1844ರ ಹೊತ್ತಿಗೆ ಐಸ್‌ಲ್ಯಾಂಡಿನ ಬಳಿಯೂ ಮುಗಿದುಹೋಯಿತು. ಆರ್ಕ್ನಿಯ ಶಿಲಾಯುಗದ ತಿಪ್ಪೆಗಳಲ್ಲಿ ಇದರ ಮೂಳೆ ಸಿಕ್ಕಿದೆ. ಅವರೂ ತಿಂದರು, ಆದರೆ ತಿಂದು ಮುಗಿಸಲಿಲ್ಲ. ತುಂಬಿಸಿಟ್ಟ ಹಕ್ಕಿ ಇಂದಿಗೂ ಇಂಗ್ಲೆಂಡಿನಲ್ಲಿದೆಯಂತೆ. ಭಾವ ಬಹಳ ಹೊತ್ತು ಮಾತಾಡಲಿಲ್ಲ.

ಪಕ್ಕದ ಪುಟ್ಟ ನಡುಗಡ್ಡೆ ಹೋಮ್ ಆಫ್ ಪಾಪೇಗೆ ದೋಣಿ ಹಿಡಿದು, ಇಪ್ಪತ್ತು ಮೀಟರ್ ಉದ್ದದ ಸಮಾಧಿಯೊಳಗೆ ಏಣಿಯಿಂದ ಇಳಿದು, ಟಾರ್ಚ್ ಬೆಳಕಿನಲ್ಲಿ ಹನ್ನೆರಡು ಕಿರುಕೋಣೆಗಳನ್ನು ಮೊಣಕಾಲೂರಿ ಇಣುಕಿದೆವು. ಕಲ್ಲಿನ ಮೇಲೆ ಹುಬ್ಬಿನಂಥ ಗೆರೆಗಳು. ನೋಡಬೇಕಾದದ್ದೇ; ಆದರೂ ನನ್ನ ಮನಸ್ಸು ಸತ್ತವರ ಮನೆಗಿಂತ ಬದುಕಿದವರ ಮನೆಯಲ್ಲೇ ಸಿಕ್ಕಿಬಿದ್ದಿತ್ತು.

ಹೊರಡುವ ಹಿಂದಿನ ಸಂಜೆ ಮತ್ತೆ ಅಲ್ಲಿಗೇ ಹೋದೆವು. ಮಳೆ ಹನಿಯುತ್ತಿತ್ತು. ಚಿಕ್ಕ ಮನೆಯ ಮೂಲೆಯಲ್ಲಿ ಮುದುರಿ ಕುಳಿತು ಫ್ಲಾಸ್ಕಿನ ಚಹಾ ಕುಡಿದೆವು. ಕುಡಿದ ಮೇಲೆ ಭಾವ, ಮಾತಿನ ನಡುವೆ, ನೋಡದೆಯೇ ಕೈ ಚಾಚಿ ಫ್ಲಾಸ್ಕನ್ನು ಗೂಡಿನಲ್ಲಿಟ್ಟರು. ಸರಿಯಾಗಿ ಕೂತಿತು. ನಾನು ಏನೂ ಹೇಳಲಿಲ್ಲ.

ದನಗಳ ಬೇಲಿ ದಾಟಿದ ಮೇಲೆ ನೆನಪಾಯಿತು. "ನೀನು ಇಲ್ಲೇ ಇರು" ಎಂದು ಭಾವ ಹಿಂದಕ್ಕೆ ಓಡಿದರು. ಸ್ವಲ್ಪ ಹೊತ್ತಿಗೆ ದಿಬ್ಬದೊಳಗಿಂದ "ಅಯ್ಯೋ!" ಎಂದು ಕೇಳಿತು. ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಹಣೆ ಹಿಡಿದುಕೊಂಡು ಹೊರಗೆ ಬಂದರು.