ಮಳೆ ಹಿಡಿಯೋ ಮೊದಲು ನೆಲ ನೋಡಬೇಕು

ಈ ಸಲ ಭರಣಿ ಮಳೆ ಕೈಕೊಟ್ಟಿತು. ಗುಡುಗಿತು, ಕರೆಂಟ್ ಹೋಯಿತು, ನಾಲ್ಕು ಹನಿ ಉದುರಿತು, ಅಷ್ಟೇ. ಅಡಿಕೆ ಸಸಿಗಳಿಗೆ ನೀರು ಸಾಲುತ್ತಿಲ್ಲ, ಮನೆಯಲ್ಲಿ ಎಲ್ಲರಿಗೂ ಅದೇ ಚಿಂತೆ. ನನಗೂ ಇದೆ. ಆದರೆ ಮಳೆ ಬಾರದ್ದರಿಂದ ದಣಪೆ, ಅಂದರೆ ಬೇಲಿಯ ಗಳದ ಬಾಗಿಲು, ಅದರ ಆಚೆಯ ದಾರಿಯ ಮಣ್ಣು ಇನ್ನೂ ಜರಡಿ ಹಿಡಿದ ಅಕ್ಕಿಹಿಟ್ಟಿನ ಹಾಗೇ ಇದೆ. ರಾತ್ರಿ ಅದರ ಮೇಲೆ ಯಾರು ನಡೆದರೂ ಬೆಳಿಗ್ಗೆ ಗೊತ್ತಾಗುತ್ತದೆ. ವರ್ಷದಲ್ಲಿ ಇಂಥ ದಿನ ಸಿಗೋದು ಕಡಿಮೆ. ಮಳೆ ಹಿಡಿದರೆ ಕೆಸರು, ಆಮೇಲೆ ಹುಲ್ಲು, ಅದು ಒಣಗುವ ಹೊತ್ತಿಗೆ ತರಗೆಲೆ ಬಿದ್ದು ನೆಲವೇ ಕಾಣುವುದಿಲ್ಲ. ಹಾಗಾಗಿ ಏಪ್ರಿಲ್ ಕೊನೆಯಿಂದ ಮಳೆಗಾಲ ಶುರುವಾಗುವವರೆಗೆ ನಾನೂ ಅತ್ತೆಯೂ ದಿನಾ ಬೆಳಿಗ್ಗೆ ಒಂದು ಸುತ್ತು ಹೋಗಿ ಬರುತ್ತೇವೆ. ಕೊಟ್ಟಿಗೆ ಕೆಲಸ ಮುಗಿಸಿ, ಕಾಫಿ ಕುಡಿದು ಹೊರಟರೆ ಬಿಸಿಲು ಏರುವ ಮೊದಲು ವಾಪಸ್.

ನಮ್ಮ ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಅಂತ ಎಲ್ಲರೂ ಓದಿರುತ್ತೀರಿ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಹರಿದು ಹೋಗಿಬಿಡುತ್ತದೆ. ಮೇ ತಿಂಗಳಲ್ಲಿ ಬಂದು ನೋಡಿ, ನಮ್ಮ ಹಳ್ಳದಲ್ಲಿ ಬರೀ ಕಲ್ಲು. ಹಳ್ಳ ದಾಟುವ ಸಂಕದ (ಕಾಲುಸೇತುವೆಯ) ಕೆಳಗಿನ ಒಂದು ಗುಂಡಿಯಲ್ಲಿ ಮಾತ್ರ ಮೊಣಕಾಲುದ್ದ ನೀರು ಉಳಿದಿರುತ್ತದೆ. ಗುಡ್ಡದ ಪ್ರಾಣಿಗಳೆಲ್ಲ ಕುಡಿಯೋಕೆ ಅಲ್ಲಿಗೇ ಬರಬೇಕು. ಆ ಗುಂಡಿ ನಮ್ಮ ಮನೆಗೆ ಕೂಗಳತೆ ದೂರ. ಮೇಲಿಂದ ತೋಟದ ಅಂಚಿನಲ್ಲಿ ಹಲಸು ಹಣ್ಣಾಗಿ ಬೀಳುತ್ತಿರುತ್ತದೆ. ನೀರೂ ಇಲ್ಲೇ, ಊಟವೂ ಇಲ್ಲೇ. ಕಾಡುಪ್ರಾಣಿ ಊರಿಗೆ ನುಗ್ಗಿತು ಅಂತ ಬೇಸಿಗೆಯಲ್ಲಿ ಪೇಪರಿನಲ್ಲಿ ಓದುವಾಗೆಲ್ಲ ನನಗೆ ಈ ಗುಂಡಿ ನೆನಪಾಗುತ್ತದೆ.

ಹೊರಡುವ ಮೊದಲೇ ಅಂಗಳದಲ್ಲೇ ಎರಡು ಗುರುತು ಸಿಗುತ್ತವೆ. ಜಗಲಿಯ ಅಂಚಿನಲ್ಲಿ ದಿನಾ ಬೆಳಿಗ್ಗೆ ಒಣಗಿದ ನಾರಿನ ಉಂಡೆಗಳು ಬಿದ್ದಿರುತ್ತವೆ, ಬೆರಳ ತುದಿಯಷ್ಟು ದೊಡ್ಡವು. ಬಾವಲಿ ಹಣ್ಣನ್ನು ಜಗಿದು, ರಸ ಹೀರಿಕೊಂಡು, ಚರಟ ಉಗಿದು ಹೋಗಿರುತ್ತದೆ. ಇನ್ನೊಂದು, ಸೂರಿನ ಕೆಳಗೆ ಮಳೆ ತಾಗದ ಪುಡಿಮಣ್ಣಿನಲ್ಲಿ ಆಲಿಕೆಯ ಆಕಾರದ ಪುಟ್ಟ ಕುಳಿಗಳು. ಇರುವೆ ಜಾರಿ ಬೀಳಲಿ ಅಂತ ಒಂದು ಹುಳ ತಳದಲ್ಲಿ ಹೂತುಕೊಂಡು ಕೂತಿರುತ್ತದೆ. ನನ್ನ ಮಗ ದಿನಾ ಎಣಿಸುತ್ತಾನೆ. ಮೊನ್ನೆ 41 ಇತ್ತು.

ದಣಪೆ ದಾಟಿದ ಮೇಲೆ ನಾನು ಮಾತು ಕಡಿಮೆ ಮಾಡುತ್ತೇನೆ. ಮೂರು ವರ್ಷದ ಹಿಂದೆ ಇಲ್ಲೇ ಒಂದು ತಪ್ಪು ಮಾಡಿದ್ದೆ. ಧೂಳಿನಲ್ಲಿ ದೊಡ್ಡ ಹೆಜ್ಜೆ ನೋಡಿ, ಚಿರತೆ ಬಂದಿದೆ ಅಂತ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಎರಡು ದಿನ ಮಕ್ಕಳು ಹೊರಗೆ ಆಡಲಿಲ್ಲ, ಪಕ್ಕದ ಮನೆಯವರು ದನ ಮೇಯಲು ಬಿಡಲಿಲ್ಲ. ಅತ್ತೆ ಆಗ ತಂಗಿಯ ಮನೆಗೆ ಹೋಗಿದ್ದರು. ವಾಪಸ್ ಬಂದವರು ಫೋಟೋ ನೋಡಿ ಕೇಳಿದ್ದು ಇಷ್ಟೇ, "ಉಗುರು ಕಾಣ್ತಾ ಇದೆಯಲ್ಲೇ, ಇದು ನಾಯಿ ಅಲ್ವಾ?"

ಹೌದು, ನಾಯಿಯೇ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ಹಾಗಾಗಿ ಮಣ್ಣಿನಲ್ಲಿ ನಾಲ್ಕು ಬೆರಳು ಮತ್ತು ಹಿಂದಿನ ಮೆತ್ತೆ ಮಾತ್ರ ಮೂಡುತ್ತದೆ. ಹೆಜ್ಜೆ ಒಟ್ಟು ದುಂಡಗಿರುತ್ತದೆ, ಮೆತ್ತೆಯ ಹಿಂಬದಿಯಲ್ಲಿ ಮೂರು ಉಬ್ಬು ಕಾಣುತ್ತವೆ. ನಾಯಿಯದು ಉದ್ದ, ಬೆರಳಿನ ತುದಿಯಲ್ಲಿ ಉಗುರಿನ ಚುಕ್ಕೆ. ಅವತ್ತಿನಿಂದ ನಾನು ಮೊದಲು ನೋಡೋದು ಉಗುರನ್ನೇ, ಆಮೇಲೆ ಉಳಿದದ್ದು. ಈ ವರ್ಷ ಏಪ್ರಿಲ್ ಕೊನೆಗೆ ನಿಜವಾದದ್ದೇ ಸಿಕ್ಕಿತು. ಸಂಕದ ಹತ್ತಿರ ಐದು ಹೆಜ್ಜೆ, ಒಂದರಲ್ಲೂ ಉಗುರಿಲ್ಲ. ಇಬ್ಬರೂ ಕೂತು ನೋಡಿದೆವು. ಅದು ಅವಸರದಲ್ಲಿ ಇರಲಿಲ್ಲ, ಹೆಜ್ಜೆಗಳು ಒಂದೇ ಅಳತೆಯಲ್ಲಿದ್ದವು. ನೀರಿನ ಕಡೆ ಹೋಗಿ, ಕಲ್ಲು ಹತ್ತಿ, ಅಲ್ಲಿಂದ ಗುರುತಿಲ್ಲ. ಅವತ್ತು ಗುಂಪಿಗೆ ಹಾಕಲಿಲ್ಲ. ಅಕ್ಕಪಕ್ಕದ ಎರಡು ಮನೆಗೆ ಹೋಗಿ, ನಾಯಿಯನ್ನು ರಾತ್ರಿ ಒಳಗೆ ಕಟ್ಟಿ ಅಂತ ಹೇಳಿ ಬಂದೆವು.

ಹಳ್ಳದ ಗುಂಡಿಯ ಹತ್ತಿರ ನೋಡೋಕೆ ತುಂಬ ಇದೆ, ಅಲ್ಲೇ ನಮಗೆ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಂದಿ ಹೊರಳಾಡಿ ಕೆಸರು ಮಾಡಿರುತ್ತದೆ. ಎದ್ದು ಹೋಗುವಾಗ ಪಕ್ಕದ ಮರಕ್ಕೆ ಮೈ ತಿಕ್ಕುತ್ತದೆ. ಒಣಗಿದ ಆ ಕೆಸರು ಮರದ ಮೇಲೆ ಎಷ್ಟು ಎತ್ತರದಲ್ಲಿದೆ ಅಂತ ನೋಡಿದರೆ ಬಂದವರು ಯಾರು ಅಂತ ಅಂದಾಜು ಮಾಡಬಹುದು. ನನ್ನ ಮೊಣಕಾಲಿನಿಂದ ಸ್ವಲ್ಪ ಮೇಲಿದ್ದರೆ ಹಂದಿ. ಹತ್ತಿರ ಹೋಗಿ ನೋಡಿದರೆ ಕೆಸರಿನಲ್ಲಿ ಒಂದೆರಡು ಕೂದಲು ಸಿಕ್ಕಿಕೊಂಡಿರುತ್ತದೆ, ಕಪ್ಪಗೆ, ತಂತಿಯ ಹಾಗೆ ಒರಟು. ಈ ಸಲ ಅದೇ ಮರದ ಇನ್ನೊಂದು ಬದಿಯಲ್ಲಿ ನನ್ನ ಭುಜಕ್ಕಿಂತ ಎತ್ತರದಲ್ಲಿ ಕೆಸರು ಮೆತ್ತಿತ್ತು. ಅಷ್ಟು ಎತ್ತರಕ್ಕೆ ಮೈ ತಿಕ್ಕುವವರು ನಮ್ಮ ಕಡೆ ಇನ್ಯಾರಿದ್ದಾರೆ? "ಕಾಟಿ ಬಂದಿತ್ತು ಮಾರಾಯ್ತಿ, ಒಂದಲ್ಲ," ಅಂದರು ಅತ್ತೆ, ನೆಲ ತೋರಿಸಿ. ಗೊರಸಿನ ಗುರುತು ನಮ್ಮ ದನದ್ದರ ಹಾಗೇ ಎರಡು ಹೋಳು, ಆದರೆ ನನ್ನ ಅಂಗೈ ಇಟ್ಟರೂ ಪೂರ್ತಿ ಮುಚ್ಚಲಿಲ್ಲ. ಅದರ ಪಕ್ಕದಲ್ಲೇ ಚಿಕ್ಕದು, ಕರುವಿನದ್ದು. ತಾಯಿ ನೇರ ನಡೆದಿತ್ತು, ಕರು ಮಾತ್ರ ಆ ಕಡೆ ಈ ಕಡೆ ಓಡಾಡಿ, ಒಂದು ಕಡೆ ಜಾರಿ, ಮತ್ತೆ ತಾಯಿಯ ಹತ್ತಿರ ಬಂದಿತ್ತು. ಕಾಟಿ ಅಂದರೆ ಕಾಡುಕೋಣ, ಅದರ ದೊಡ್ಡ ಗಂಡು ಒಂದು ಟನ್‌ವರೆಗೂ ತೂಗಬಹುದು. ಅಂಥ ಹಿಂಡು ರಾತ್ರಿ ಕೂಗಳತೆಯಲ್ಲಿ ನೀರು ಕುಡಿದು ಹೋಗಿದೆ, ಮನೆಯಲ್ಲಿ ಒಬ್ಬರಿಗೂ ಎಚ್ಚರವಾಗಿಲ್ಲ. ನನಗೆ ಆಶ್ಚರ್ಯ ಆಗೋದು ಇದೇ. ನಾವು ಅವುಗಳನ್ನು ನೋಡೋದು ವರ್ಷಕ್ಕೆ ಒಂದೋ ಎರಡೋ ಸಲ. ಅವು ನಮ್ಮನ್ನು ದಿನಾ ನೋಡಿ, ತಪ್ಪಿಸಿಕೊಂಡು ಓಡಾಡುತ್ತಿವೆ.

ಸಫಾರಿಗೆ ಹೋಗಿ ಏನೂ ಕಾಣಲಿಲ್ಲ ಅಂತ ಬೇಜಾರು ಮಾಡಿಕೊಳ್ಳುವ ಗೆಳತಿಯರಿಗೆ ನಾನು ಹೇಳೋದು, ಒಂದು ಸಲ ಮೇ ತಿಂಗಳಲ್ಲಿ ನಮ್ಮ ಮನೆಗೆ ಬನ್ನಿ, ಜೀಪು ಬೇಡ, ಚಪ್ಪಲಿ ಸಾಕು.

ಹಳ್ಳ ದಾಟಿದರೆ ಒಂದು ದೊಡ್ಡ ಕಲ್ಲು. ಅದರ ಮೇಲೆ ಕಬ್ಬೆಕ್ಕಿನ ಹಿಕ್ಕೆ ಯಾವಾಗಲೂ ಇರುತ್ತದೆ. ಬಯಲಾದ ಜಾಗ, ಕಲ್ಲು, ಬಿದ್ದ ಮರದ ದಿಮ್ಮಿ, ಇಂಥ ಕಡೆಯೇ ಅದು ಹಾಕೋದು. ಕಡ್ಡಿಯಲ್ಲಿ ಬಿಡಿಸಿ ನೋಡಿದರೆ ಬರೀ ಬೀಜ, ಅದರಲ್ಲೂ ಬೈನೆ ಬೀಜವೇ ಜಾಸ್ತಿ, ತೊಳೆದು ಇಟ್ಟ ಹಾಗೆ ಇರುತ್ತವೆ. ಬೈನೆ ಹಣ್ಣು ಮುಟ್ಟಿದರೆ ನಮಗೆ ಕೈಯೆಲ್ಲ ತುರಿಕೆ, ಅದಕ್ಕೆ ಏನೂ ಆಗುವುದಿಲ್ಲ. ನಮ್ಮ ತೋಟದ ಬೇಲಿಯ ಉದ್ದಕ್ಕೂ ಏಳು ಬೈನೆ ಮರ ಇವೆ, ಮನೆಯವರು ಯಾರೂ ನೆಟ್ಟಿದ್ದಲ್ಲ. ಬೇಲಿಯ ಪಕ್ಕದಲ್ಲೇ ಹಳೆಯ ಕಲ್ಲುಗಳ ಸಾಲು ಇದೆ. ಆ ಸಾಲು ನೋಡಿದರೆ ಯಾರು ನೆಟ್ಟರು ಅಂತ ಕೇಳಬೇಕಾಗಿಯೇ ಇಲ್ಲ.

ಮುಂದೆ ಮಂಗಟ್ಟೆ ಹಕ್ಕಿಯ ಗೂಡಿನ ಮರ. ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲಿಗೆ ಗೋಡೆ ಕಟ್ಟಿಕೊಂಡು, ಕೊಕ್ಕು ತೂರುವಷ್ಟು ಮಾತ್ರ ಸಂದಿ ಬಿಟ್ಟು ಮೊಟ್ಟೆಗೆ ಕೂರುತ್ತದೆ. ಅಷ್ಟೂ ದಿನ ಹಣ್ಣು ತಂದು ಕೊಡೋದು ಗಂಡಿನ ಕೆಲಸ. ಮಾರ್ಚ್‌ನಲ್ಲಿ ಮರದ ಬುಡದಲ್ಲಿ ಬೀಜಗಳ ರಾಶಿ ಇತ್ತು. ಈಗ ಹೋದ ವಾರ ನೋಡಿದರೆ ಬೀಜದ ಮೇಲೆ ಗಟ್ಟಿಯಾದ ಕಂದು ಚೂರುಗಳು ಬಿದ್ದಿದ್ದವು. ಗೋಡೆ ಒಡೆದು ಹೊರಗೆ ಬಂದಿವೆ. ಒಂದು ಚೂರು ಕೈಯಲ್ಲಿ ಹಿಡಿದೆ, ಒಣ ಸಗಣಿಯಷ್ಟು ಹಗುರ, ಒಳಗೆ ಹಣ್ಣಿನ ಸಿಪ್ಪೆ ಅಂಟಿತ್ತು. ಅದನ್ನು ಅಲ್ಲೇ ಇಟ್ಟು ಬಂದೆ.

ಇಲ್ಲಿಂದ ಮೇಲೆ ಸೊಪ್ಪಿನ ಬೆಟ್ಟ, ತೋಟಕ್ಕೆ ಕೊಟ್ಟಿಗೆಗೆ ಸೊಪ್ಪು ತರುವ ಗುಡ್ಡ. ಬೇಸಿಗೆಯಲ್ಲಿ ಅಲ್ಲಿಗೆ ಹೋಗುವಾಗ ಕಾಲಿಗೆ ಕೈಗೆ ಎಣ್ಣೆ ಹಚ್ಚದೆ ಹೋಗುವುದಿಲ್ಲ. ಆರೋಗ್ಯ ಇಲಾಖೆಯವರು ಕೊಡುವ ಉಣುಗಿನ (ಉಣ್ಣೆಹುಳದ) ಎಣ್ಣೆ ಇದೆಯಲ್ಲ, ಅದು. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಆಮೇಲೆ 2019ರ ಹೊತ್ತಿಗೆ ಸಾಗರದ ಅರಳಗೋಡಿನಲ್ಲಿ ಅದೇ ಕಾಯಿಲೆ ಹರಡಿ ಜನ ಸತ್ತದ್ದನ್ನು ಈ ಕಡೆಯವರು ಯಾರೂ ಮರೆತಿಲ್ಲ. ಡಿಸೆಂಬರಿನಿಂದ ಮೇವರೆಗೆ ಹುಷಾರಾಗಿರಬೇಕು. ಮರಿ ಉಣುಗು ಎಳ್ಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ದರಗು, ಅಂದರೆ ತರಗೆಲೆ ಗುಡಿಸುವವರಿಗೆ, ಸೌದೆಗೆ ಹೋಗುವವರಿಗೆ ಅಪಾಯ ಜಾಸ್ತಿ. ಹಾಗಾಗಿ ಕಾಡಿನಲ್ಲಿ ಸತ್ತ ಮಂಗ ಕಂಡರೆ ಅದೂ ಒಂದು ಗುರುತೇ, ಎಲ್ಲಕ್ಕಿಂತ ಮುಖ್ಯವಾದದ್ದು. ಹೋದ ವರ್ಷ ಒಂದು ಮುಸಿಯ (ಕಪ್ಪು ಮುಖದ ಮಂಗ) ಸತ್ತು ಬಿದ್ದಿತ್ತು. ಹತ್ತಿರ ಹೋಗದೆ ಅಲ್ಲಿಂದಲೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದೆವು. ಒಂದು ತಿಂಗಳು ಆ ಕಡೆ ಕಾಲಿಡಲಿಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡೋದು, ಇದನ್ನು ಮಾತ್ರ ದಯವಿಟ್ಟು ಯಾರೂ ತಪ್ಪಿಸಬೇಡಿ.

ಈ ವರ್ಷದ ದೊಡ್ಡ ಸಂಗತಿ ಇನ್ನೂ ಹೇಳಿಲ್ಲ. ಏಪ್ರಿಲ್ ಕೊನೆಯಲ್ಲಿ ಸೊಪ್ಪಿನ ಬೆಟ್ಟದ ಬಿದಿರ ಮೆಳೆಯ ಬುಡದಲ್ಲಿ ದರಗಿನ ಒಂದು ಗುಡ್ಡೆ ಕಂಡಿತು, ಮೊಣಕಾಲೆತ್ತರ. ಕೊಟ್ಟಿಗೆಗೆ ಅಂತ ಯಾರೋ ಗುಡಿಸಿ ಒಟ್ಟಿದ್ದಾರೆ ಅಂದುಕೊಂಡು ನಾನು ಮುಂದೆ ಹೋಗುತ್ತಿದ್ದೆ. ಅತ್ತೆ ಸೆರಗು ಹಿಡಿದು ಎಳೆದರು.

"ನಿಲ್ಲೇ. ಪೊರಕೆ ಗುರುತು ಎಲ್ಲಿದೆ?"

ಇರಲಿಲ್ಲ. ದರಗು ಗುಡಿಸಿದರೆ ನೆಲದ ಮೇಲೆ ಪೊರಕೆಯ ಗೀರು ಬೀಳುತ್ತದೆ, ತುಂಬ ದೂರದವರೆಗೆ ನೆಲ ಬೋಳಾಗುತ್ತದೆ. ಇಲ್ಲಿ ಗುಡ್ಡೆಯ ಸುತ್ತ ಮಾತ್ರ ಬೋಳು, ಏನೋ ಸುತ್ತುಹಾಕಿ ಎಳೆದ ಹಾಗೆ ಅಗಲದ ಉಜ್ಜು. ಇಬ್ಬರೂ ಹಿಂದಕ್ಕೆ ಹೆಜ್ಜೆ ಇಟ್ಟು, ದೂರದ ದರೆ ಹತ್ತಿ ನಿಂತು ನೋಡಿದೆವು. ಸ್ವಲ್ಪ ಹೊತ್ತಿಗೆ ಗುಡ್ಡೆಯ ಮೇಲೆ ಎಲೆ ಅಲುಗಿತು. ಕಾಳಿಂಗ.

ಹಾವುಗಳಲ್ಲಿ ಹೀಗೆ ಎಲೆ ಕೂಡಿಸಿ ಗೂಡು ಕಟ್ಟೋದು ಕಾಳಿಂಗ ಮಾತ್ರ. ಕೈಯಿಲ್ಲ ಕಾಲಿಲ್ಲ, ಮೈಯನ್ನೇ ಬಳೆಯ ಹಾಗೆ ಬಳಸಿ ದರಗು ಎಳೆದು ಒಟ್ಟುತ್ತದೆ. ಒಳಗೆ ಮೊಟ್ಟೆ ಇಟ್ಟು ಕಾಯುತ್ತದೆ. ಎಲೆ ಎಷ್ಟು ಒತ್ತಾಗಿರುತ್ತದೆ ಅಂದರೆ ಮಳೆ ಬಂದರೂ ಒಳಗೆ ನೀರು ಸುಲಭಕ್ಕೆ ಇಳಿಯುವುದಿಲ್ಲ. ಎರಡೂವರೆ ಮೂರು ತಿಂಗಳಿಗೆ ಮರಿ. ನಮ್ಮ ಕಡೆ ಹಾವಿನ ಬಗ್ಗೆ ತಿಳಿದವರು ಸುಲಭಕ್ಕೆ ಸಿಗುತ್ತಾರೆ, ಅದಕ್ಕೆ ಕಾರಣ ಆಗುಂಬೆ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ ಅಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು, ಕಾಳಿಂಗಕ್ಕೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಹಿಂದೆಯೇ ನಡೆದು ಅದರ ಜೀವನ ಬರೆದಿಟ್ಟರು. ನಮ್ಮ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಹೇಳಿದಾಗ ಅದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ಅತ್ತೆಗೆ ಇದನ್ನು ಹೇಳಿದೆ. "ನಾವು ಕರೆಯೋ ಹೆಸರೇ ಇಟ್ರಾ!" ಅಂತ ಎರಡು ಸಲ ಕೇಳಿದರು. ಅವರ ಮುಖದಲ್ಲಿ ಆದ ಖುಷಿ ನೋಡಿ ನನಗೂ ಕಣ್ಣು ತುಂಬಿತು.

ಹಾವಿನ ವಿಷಯ ಬಲ್ಲವರು ಬಂದು ನೋಡಿ, ದೂರ ಇದ್ದರೆ ಅದರ ಪಾಡಿಗೆ ಅದು ಇರುತ್ತದೆ, ಕೆಣಕಬೇಡಿ ಅಂದರು. ಆ ಮೆಳೆಯ ಹತ್ತಿರ ದರಗು ಗುಡಿಸುವುದು ಬೇಡ ಅಂತ ಸುತ್ತಲಿನ ನಾಲ್ಕು ಮನೆಯವರು ಮಾತಾಡಿಕೊಂಡೆವು. ಒಬ್ಬರಿಗೆ ಮಾತ್ರ ಹೆದರಿಕೆ ಇತ್ತು, ಮನೆಯಲ್ಲಿ ಸಣ್ಣ ಮಗು ಇದೆ. ಅದು ಸಹಜವೇ, ಅಲ್ವಾ? ಅತ್ತೆ ಅವರ ಮನೆಗೆ ಹೋಗಿ ಕೂತು, ತಮ್ಮ ಪಾಲಿನ ಸೊಪ್ಪಿನ ಬೆಟ್ಟದಿಂದ ಹತ್ತು ಕಲ್ಲಿ (ಹಗ್ಗದ ಬಲೆಯ ಹೊರೆ) ದರಗು ಅವರ ಕೊಟ್ಟಿಗೆಗೆ ಕೊಡುತ್ತೇವೆ ಅಂತ ಹೇಳಿ ಒಪ್ಪಿಸಿ ಬಂದರು. ಕೊಟ್ಟೂ ಆಯಿತು.

ಇಷ್ಟು ಬರೆದು ಮೂರು ದಿನ ಹಾಗೇ ಬಿಟ್ಟಿದ್ದೆ. ಅಷ್ಟರಲ್ಲಿ ಕೃತ್ತಿಕೆ ಮಳೆ ಹಿಡಿಯಿತು. ನಿನ್ನೆ ಸಂಜೆ ಶುರುವಾದದ್ದು ರಾತ್ರಿಯಿಡೀ ಸುರಿದಿದೆ. ದೀಪದ ಸುತ್ತ ರೆಕ್ಕೆ ಬಂದ ಗೆದ್ದಲು ಮುತ್ತಿ ಬೆಳಿಗ್ಗೆ ಜಗಲಿಯೆಲ್ಲ ರೆಕ್ಕೆ. ದಣಪೆ ಆಚೆಯ ದಾರಿಯಲ್ಲಿ ಕೆಂಪು ನೀರು ಹರಿಯುತ್ತಿದೆ, ಒಂದು ಹೆಜ್ಜೆಯೂ ಉಳಿದಿಲ್ಲ. ಅತ್ತೆ ಬೆಳಿಗ್ಗೆಯಿಂದ ಮೂರು ಸಲ ಕೇಳಿದರು, ಗೂಡಿನ ಮೇಲಿನ ಎಲೆ ಕೊಚ್ಚಿ ಹೋಗಿರುತ್ತದಾ ಅಂತ. ಮಧ್ಯಾಹ್ನ ಹೊಳವಾದರೆ ದರೆ ಮೇಲಿಂದ ನೋಡಿ ಬರೋಣ ಅಂದಿದ್ದೇನೆ. ಅವರು ಆಗಲೇ ಉಣುಗಿನ ಎಣ್ಣೆಯ ಪಕ್ಕದಲ್ಲಿ ಉಂಬಳಕ್ಕೆ (ಜಿಗಣೆಗೆ) ಅಂತ ಹೊಗೆಸೊಪ್ಪು, ಸುಣ್ಣ ಎರಡೂ ತೆಗೆದಿಟ್ಟು, ಕೊಡೆ ಹಿಡಿದು ಜಗಲಿಯಲ್ಲಿ ಕೂತಿದ್ದಾರೆ.