ಒಂದು ಗಂಟೆಗೆ ಶುರುವಾದ ಮ್ಯಾಚು

2022ರ ಚಳಿಗಾಲದಲ್ಲಿ ಇಂಗ್ಲೆಂಡಿನಲ್ಲಿ ಯಾರ ಬಾಯಲ್ಲಿ ನೋಡಿದರೂ ಕರೆಂಟ್ ಮತ್ತು ಗ್ಯಾಸ್ ಬಿಲ್ಲಿನ ಮಾತೇ. ಅಕ್ಟೋಬರ್‌ನಲ್ಲಿ ಬೆಲೆಯೇರಿಕೆ ಶೇ. 11.1 ಮುಟ್ಟಿತ್ತು. ನಲವತ್ತು ವರ್ಷಗಳಲ್ಲಿ ಅಷ್ಟು ಏರಿರಲಿಲ್ಲ. ಸರ್ಕಾರ ದರಕ್ಕೆ ಮಿತಿ ಹಾಕಿದ ಮೇಲೂ ಸಾಧಾರಣ ಮನೆಗೆ ವರ್ಷಕ್ಕೆ 2,500 ಪೌಂಡ್ ಬಿಲ್ಲು ಬರುತ್ತಿತ್ತು. ಒಂದು ವರ್ಷದ ಹಿಂದೆ ಅದೇ ಮನೆಗೆ 1,277 ಪೌಂಡ್ ಇತ್ತು.

ನಾನಾಗ ಮ್ಯಾಂಚೆಸ್ಟರ್ ಪಕ್ಕದ ಒಂದು ಸಣ್ಣ ಊರಿನಲ್ಲಿದ್ದೆ. ಶನಿವಾರ ಬಂದರೆ ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಗೇಟಿನಲ್ಲಿ ಟಿಕೆಟ್ ಕೊಡುತ್ತಿದ್ದೆ. ಸಂಬಳವಿಲ್ಲದ ಕೆಲಸ, ಇಷ್ಟಪಟ್ಟು ಮಾಡುತ್ತಿದ್ದದ್ದು. ಟಿವಿಯಲ್ಲಿ ಕಾಣುವ, ಎಲ್ಲಕ್ಕಿಂತ ಮೇಲಿನ ಪ್ರೀಮಿಯರ್ ಲೀಗಿನಿಂದ ಏಳು ಮೆಟ್ಟಿಲು ಕೆಳಗಿನ ಕ್ಲಬ್ಬು ಅದು. ಆಟಗಾರರಲ್ಲಿ ಒಬ್ಬ ಪ್ಲಂಬರ್, ಒಬ್ಬ ಸ್ಕೂಲ್ ಮೇಷ್ಟ್ರು. ಟಿಕೆಟ್ 10 ಪೌಂಡ್. ಚಿಕ್ಕ ಮಕ್ಕಳಿಗೆ ದೊಡ್ಡವರ ಜೊತೆ ಬಂದರೆ ಪುಕ್ಕಟೆ. ಇನ್ನೂರರ ಆಸುಪಾಸು ಜನ ಬಂದರೆ ಒಳ್ಳೆಯ ದಿನ. ಮೇಲಿನವರಿಗೆ ಟಿವಿ ದುಡ್ಡಿದೆ. ಇಲ್ಲಿ ಗೇಟಿನ ಕಲೆಕ್ಷನ್, ಬಾರ್, ಚಹಾ ಮತ್ತು ಪೈ ಅನ್ನುವ ಬಿಸಿ ತಿಂಡಿ ಮಾರುವ ಕಿಟಕಿ, ಹಾಫ್ ಟೈಮಿನ ಲಕ್ಕಿ ಡ್ರಾ, ಇಷ್ಟರಲ್ಲೇ ಬದುಕಬೇಕು.

ಆ ನವೆಂಬರ್‌ನಲ್ಲಿ ಕ್ಲಬ್ಬಿನವರು ಒಂದು ತೀರ್ಮಾನ ಮಾಡಿದರು. ಮೂರು ಗಂಟೆಯ ಮ್ಯಾಚನ್ನು ಒಂದು ಗಂಟೆಗೆ ತರೋಣ, ಫ್ಲಡ್‌ಲೈಟ್ ಹಾಕುವುದೇ ಬೇಡ ಅಂತ. ಆ ಕಾಲದಲ್ಲಿ ಅಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮೂರಕ್ಕೆ ಶುರು ಮಾಡಿದರೆ ಹೆಚ್ಚುಕಮ್ಮಿ ಇಡೀ ಆಟಕ್ಕೆ ಲೈಟ್ ಬೇಕು. ನಮ್ಮದು ಹಳೇ ದೀಪಗಳು, ಒಂದೊಂದಕ್ಕೂ ಎರಡು ಕಿಲೋವ್ಯಾಟ್. ನಾಲ್ಕು ಕಂಬಗಳಲ್ಲಿ ಅವೆಲ್ಲ ಒಟ್ಟಿಗೆ ಉರಿದರೆ ಮೀಟರ್ ಹೇಗೆ ಓಡುತ್ತದೆ ಅನ್ನುವುದನ್ನು ಲೆಕ್ಕ ನೋಡುವಾಕೆ ನನಗೆ ಕರೆದು ತೋರಿಸಿದ್ದರು. ಒಂದು ಮ್ಯಾಚಿಗೆ ಹತ್ತರಿಂದ ಹದಿನೈದು ಟಿಕೆಟ್ಟಿನ ದುಡ್ಡು ಲೈಟಿಗೇ ಹೋಗುತ್ತಿತ್ತು. ಬೇರೆ ಕ್ಲಬ್ಬುಗಳೂ ಆಗ ಹೀಗೇ ಹೊತ್ತು ಬದಲಿಸಿಕೊಂಡಿದ್ದವು.

ಮೂರು ಗಂಟೆ ಅನ್ನುವುದು ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಸುಮ್ನೆ ಇಟ್ಟ ಹೊತ್ತಲ್ಲ. ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಆ ದೇಶದ ಟಿವಿಯಲ್ಲಿ ಸಾಮಾನ್ಯವಾಗಿ ಫುಟ್‌ಬಾಲ್ ನೇರ ಪ್ರಸಾರ ಮಾಡುವ ಹಾಗಿಲ್ಲ. 1960ರ ದಶಕದಿಂದ ಬಂದ ಕಟ್ಟುಪಾಡು ಇದು. ದೊಡ್ಡ ಕ್ಲಬ್ಬಿನ ಆಟ ಟಿವಿಯಲ್ಲಿ ಬಂದರೆ ಸಣ್ಣ ಮೈದಾನಕ್ಕೆ ಯಾರೂ ಬರುವುದಿಲ್ಲ ಅನ್ನುವ ಭಯಕ್ಕೆ ಮಾಡಿದ್ದು. ನಮ್ಮಂಥವರಿಗೆ ಇರುವ ಬೇಲಿ ಅದೊಂದೇ. ಲೈಟಿನ ಬಿಲ್ಲಿಗೆ ಹೆದರಿ ಆ ಬೇಲಿಯನ್ನು ನಾವೇ ದಾಟಿ ಹೊರಗೆ ಬಂದಿದ್ದೆವು.

ನಾನು ಹೇಳಹೊರಟಿದ್ದು ಆ ತಿಂಗಳ ಕೊನೆಯ ಶನಿವಾರದ ಬಗ್ಗೆ. ಕತಾರ್‌ನಲ್ಲಿ ವಿಶ್ವಕಪ್ ನಡೆಯುತ್ತಿತ್ತು. ಪ್ರೀಮಿಯರ್ ಲೀಗಿಗೆ ರಜೆ. ಸಣ್ಣ ಲೀಗುಗಳಿಗೆ ಆ ರಜೆ ಇರಲಿಲ್ಲ. ಮ್ಯಾಂಚೆಸ್ಟರ್‌ನ ದೊಡ್ಡ ಕ್ಲಬ್ಬುಗಳ ಅಭಿಮಾನಿಗಳು ಶನಿವಾರ ಏನು ಮಾಡೋದು ಅಂತ ನಮ್ಮಲ್ಲಿಗೆ ಬಂದರು. ಕೆಲವರು ಹತ್ತು ಪೌಂಡಿಗೆ ಮ್ಯಾಚು ಸಿಗುತ್ತಾ ಅಂತ ಆಶ್ಚರ್ಯಪಟ್ಟರು. ಅವತ್ತು ರೈಲು ಚಾಲಕರ ಮುಷ್ಕರ ಬೇರೆ, ಎದುರು ತಂಡದ ಕಡೆಯವರು ಬೆರಳೆಣಿಕೆಯಷ್ಟು. ಆದರೂ ಆಟ ಶುರುವಾಗುವ ಹೊತ್ತಿಗೆ ಎಂದಿನಷ್ಟೇ ಜನ ಸೇರಿದ್ದರು. ಕಮಿಟಿಯವರ ಮುಖದಲ್ಲಿ ಸಮಾಧಾನ.

ಗೇಟಿನಲ್ಲಿ ನಿಂತವರಿಗೆ ಮಾತ್ರ ಬೇರೆಯದು ಕಾಣುತ್ತಿತ್ತು. ಮುಖಗಳೇ ಬೇರೆ. ಸೂಪರ್‌ಮಾರ್ಕೆಟ್ಟಿನಲ್ಲಿ ಮಧ್ಯಾಹ್ನ ಎರಡರವರೆಗೆ ಶಿಫ್ಟ್ ಮಾಡಿ ಯೂನಿಫಾರ್ಮಿನಲ್ಲೇ ಓಡಿಬರುತ್ತಿದ್ದ ಅಕ್ಕತಂಗಿ ಇರಲಿಲ್ಲ. ಬೆಳಿಗ್ಗೆ ಕೆಲಸ ಮುಗಿಸಿ ಬರುತ್ತಿದ್ದ ಬಸ್ ಡ್ರೈವರ್ ಇರಲಿಲ್ಲ. ಹೆಚ್ಚಿನ ಖರ್ಚಿಗೆ ಅಂತ ಶನಿವಾರವೂ ದುಡಿಯಲು ಶುರು ಮಾಡಿದವರಿಗೆ ಒಂದು ಗಂಟೆ ಅಂದರೆ ಆಗದ ಮಾತು. ಯಾವತ್ತೂ ತಪ್ಪದ ಒಬ್ಬ ಅಜ್ಜ ಬಂದಿದ್ದರು, ಆದರೆ ಮೊಮ್ಮಗನ ಕೈಗೆ ಪ್ರತಿಸಲ ಕೊಡಿಸುತ್ತಿದ್ದ ಪೈ ಇಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ಸೂಪು ತಂದಿದ್ದರು. ಚಹಾ ಕಿಟಕಿಯ ಹೆಂಗಸು ಅವತ್ತಿನ ಪೈಗಳಲ್ಲಿ ಅರ್ಧ ಉಳಿದವು ಅಂದರು.

ಆಟ ಶುರುವಾಗಿ ಐದು ನಿಮಿಷ ಆಗಿರಬೇಕು. ಒಬ್ಬಾತ ತನ್ನ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಂದ. ನನಗೆ ಮುಖಪರಿಚಯ ಇದ್ದವನೇ. ಹಿಂದಿನ ವರ್ಷ ಸೀಸನ್ ಟಿಕೆಟ್ ಇಟ್ಟುಕೊಂಡಿದ್ದ. ಅಂಗೈ ಬಿಡಿಸಿ ಚಿಲ್ಲರೆ ನೋಡಿಕೊಂಡ. ಎರಡು ಪೌಂಡಿನ ನಾಣ್ಯ ಎರಡು, ಉಳಿದದ್ದು ಇಪ್ಪತ್ತು, ಹತ್ತು ಪೆನ್ಸ್‌ಗಳು. ಮತ್ತೆ ಮುಚ್ಚಿದ. ಆಮೇಲೆ ಮೆಲ್ಲಗೆ ಕೇಳಿದ: "ಮಕ್ಕಳು ಒಳಗೆ ಹೋಗಲಿ, ನಾನು ಇಲ್ಲೇ ಹೊರಗೆ ನಿಂತಿರ್ತೀನಿ. ಪರವಾಗಿಲ್ವಾ? ಇವತ್ತು ಮೀಟರಿಗೆ ಹಾಕಬೇಕು."

ಮೀಟರಿಗೆ ಹಾಕೋದು ಅಂದರೆ, ಅಲ್ಲಿ ಬಹಳ ಮನೆಗಳಲ್ಲಿ ಕರೆಂಟಿಗೆ ಮುಂಚೆಯೇ ದುಡ್ಡು ಕಟ್ಟುವ ಮೀಟರ್ ಇರುತ್ತದೆ. ನಮ್ಮ ಮೊಬೈಲ್ ರೀಚಾರ್ಜಿನ ಹಾಗೆ. ಅಂಗಡಿಗೆ ಹೋಗಿ ತುಂಬಿಸಿಕೊಂಡು ಬರಬೇಕು. ತುಂಬಿಸದಿದ್ದರೆ ಮನೆ ತಣ್ಣಗೆ.

ಮಕ್ಕಳನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಅದು ನಿಯಮ. ನಾನು ಏನು ಹೇಳಲಿ ಅಂತ ನೋಡುತ್ತಿರುವಾಗಲೇ ಪಕ್ಕದಲ್ಲಿದ್ದ ಹಿರಿಯರು ಬಾಯಿ ಹಾಕಿದರು. ಆ ಗೇಟಿನಲ್ಲಿ ನನಗೆ ಕೆಲಸ ಕಲಿಸಿದವರು ಅವರೇ. "ಒಳ್ಳೆ ಹೊತ್ತಿಗೆ ಬಂದೆಯಪ್ಪ. ಆ ಕಡೆ ಗೋಲಿನ ಹಿಂದೆ ಚೆಂಡು ಎತ್ತಿಕೊಡೋಕೆ ಇವತ್ತು ಯಾರೂ ಇಲ್ಲ. ನೀನು ನಿಲ್ತೀಯಾ? ಹುಡುಗಿಯರೂ ಜೊತೆಗಿರಲಿ." ಕೆಲಸದವರಿಗೆ ಕೊಡುವ ಪಟ್ಟಿಯೊಂದನ್ನು ಅವನ ತೋಳಿಗೆ ಕಟ್ಟಿ ಒಳಗೆ ಕಳಿಸಿದರು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು ಹೋದ. ಗೋಲಿನ ಹಿಂದೆ ಅವತ್ತು ನಿಜಕ್ಕೂ ಯಾರೂ ಇರಲಿಲ್ಲವೋ ಏನೋ ನಾನು ಕೇಳಲಿಲ್ಲ.

ಆಟ ಮುಗಿದ ಮೇಲೆ ಕ್ಯಾಶ್ ಎಣಿಸುತ್ತಾ ಆ ಹಿರಿಯರು ಹೇಳಿದ್ದು ಇಷ್ಟು. ಕೇಳಿದವರಿಗೆ ನಾವು ಏನಾದರೂ ಮಾಡಬಹುದು. ಹೆಚ್ಚಿನವರು ಕೇಳುವುದೇ ಇಲ್ಲ, ಬರುವುದನ್ನೇ ನಿಲ್ಲಿಸುತ್ತಾರೆ. ಯಾಕೆ ಬರಲಿಲ್ಲ ಅಂತ ನಾವು ಕೇಳಿದರೆ ಕೆಲಸ ಇದೆ, ಈ ವಾರ ಪುರುಸೊತ್ತಿಲ್ಲ ಅನ್ನುತ್ತಾರೆ. ನನಗೆ ಇವತ್ತಿಗೂ ಇದೇ ಸರಿ ಅನ್ನಿಸುತ್ತದೆ. ಆ ಸೀಸನ್ನಿನಲ್ಲಿ ಇಂಗ್ಲೆಂಡಿನ ಲೀಗ್ ಮೈದಾನಗಳಿಗೆ ಒಟ್ಟಾರೆ ಜನ ಚೆನ್ನಾಗಿಯೇ ಬಂದರು. ದುಬಾರಿ ಟಿಕೆಟ್ ಬಿಟ್ಟು ಅಗ್ಗದ ಕಡೆ ಬಂದವರೂ ಇದ್ದರು. ಲೆಕ್ಕ ನೋಡಿದರೆ ಏನೂ ತೊಂದರೆ ಇಲ್ಲ ಅನ್ನಿಸಬೇಕು. ಆದರೆ ಲೆಕ್ಕ ಎಷ್ಟು ಜನ ಬಂದರು ಅನ್ನುವುದನ್ನು ಹೇಳುತ್ತದೆ, ಯಾರು ಬರಲಿಲ್ಲ ಅನ್ನುವುದನ್ನು ಹೇಳುವುದಿಲ್ಲ. ವಿಶ್ವಕಪ್ ಮುಗಿದ ಮೇಲೆ ಹೊಸಬರು ತಮ್ಮ ಕ್ಲಬ್ಬುಗಳಿಗೆ ವಾಪಸ್ ಹೋಗುತ್ತಾರೆ. ಅಷ್ಟರಲ್ಲಿ ಹಳಬರು ಶನಿವಾರಕ್ಕೆ ಬೇರೆ ಅಭ್ಯಾಸ ಮಾಡಿಕೊಂಡಿರುತ್ತಾರೆ.

ಅಲ್ಲಿನ ಜನಕ್ಕೆ ಈ ಭಯ ಜಾಸ್ತಿ ಇರುವುದಕ್ಕೆ ಕಾರಣವಿದೆ. ಪಕ್ಕದ ಬೆರಿ (Bury) ಅನ್ನುವ ಊರಿನ ಕ್ಲಬ್ಬು 1885ರಲ್ಲಿ ಹುಟ್ಟಿದ್ದು. 1900 ಮತ್ತು 1903ರಲ್ಲಿ ಎಫ್‌ಎ ಕಪ್ ಅನ್ನುವ ದೇಶದ ದೊಡ್ಡ ಕಪ್ಪನ್ನೇ ಗೆದ್ದಿತ್ತು. ದುಡ್ಡಿನ ತೊಂದರೆಯಲ್ಲಿ 2019ರ ಆಗಸ್ಟ್‌ನಲ್ಲಿ ಅದನ್ನು ಲೀಗಿನಿಂದಲೇ ತೆಗೆದುಹಾಕಿದರು. ಮರುವರ್ಷ ಮ್ಯಾಕಲ್ಸ್‌ಫೀಲ್ಡ್ ಕ್ಲಬ್ಬು ಕೋರ್ಟಿನ ಆದೇಶದಲ್ಲಿ ಮುಚ್ಚಿತು. ಅಲ್ಲೆಲ್ಲ ಬಿಲ್ಲಿಗಿಂತ ದೊಡ್ಡ ಎಡವಟ್ಟುಗಳಿದ್ದವು, ನಿಜ. ಆದರೆ ಕ್ಲಬ್ಬು ಹೋದ ಮೇಲೆ ಆ ಊರಿನ ಶನಿವಾರ ಹೇಗಿತ್ತು ಅನ್ನುವುದನ್ನು ನಮ್ಮ ಗೇಟಿಗೆ ಬರುವವರು ಕಣ್ಣಾರೆ ಕಂಡಿದ್ದರು. ಫುಟ್‌ಬಾಲ್ ಕ್ಲಬ್ಬುಗಳ ದುಡ್ಡಿನ ಮೇಲೆ ಕಣ್ಣಿಡಲು 2025ರಲ್ಲಿ ಕಾನೂನು ಬಂತು. ಅದು ಮೇಲಿನ ಐದು ಮೆಟ್ಟಿಲುಗಳಿಗೆ ಮಾತ್ರ. ನಮ್ಮ ಮಟ್ಟದ ಕ್ಲಬ್ಬನ್ನು ಊರಿನವರೇ ನೋಡಿಕೊಳ್ಳಬೇಕು. ಮೇಲೆ ಹರಿಯುವ ಟಿವಿ ದುಡ್ಡಿನಲ್ಲಿ ಇನ್ನೂ ದೊಡ್ಡ ಪಾಲು ಕೆಳಗೆ ಇಳಿಯಬೇಕು, ಅದರಲ್ಲಿ ನನಗೆ ಅನುಮಾನವೇ ಇಲ್ಲ. ನಾಳಿನ ಆಟಗಾರರೂ ನೋಡುಗರೂ ಆ ಗೇಟುಗಳಲ್ಲೇ ತಯಾರಾಗುವುದು.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ಜೋರು ಚರ್ಚೆ ಆಯಿತು. ಟಿಕೆಟ್ ದರ ಎಲ್ಲರಿಗೂ ಇಳಿಸಬೇಕು ಅಂದರು ಒಬ್ಬರು. ಇಳಿಸಿದರೆ ಪ್ಲಂಬರ್ ಹುಡುಗನ ಪೆಟ್ರೋಲ್ ದುಡ್ಡು ಎಲ್ಲಿಂದ ಕೊಡೋಣ ಅಂದರು ಲೆಕ್ಕದವರು. ಕೊನೆಗೆ ಎರಡು ಆದವು. ಆಟದ ಹೊತ್ತು ಮತ್ತೆ ಮೂರಕ್ಕೇ. ಹತ್ತು-ಹದಿನೈದು ಟಿಕೆಟ್ಟಿನ ಲೈಟ್ ಖರ್ಚು ಉಳಿಸಲು ಹೋಗಿ ಶಿಫ್ಟ್ ಮುಗಿಸಿ ಬರುವವರನ್ನೆಲ್ಲ ಕಳೆದುಕೊಳ್ಳುವುದು ಲಾಭದ ಲೆಕ್ಕವೇ ಅಲ್ಲ ಅಂತ ಎಲ್ಲರಿಗೂ ಕಂಡಿತ್ತು. ಇನ್ನೊಂದು, ಅನುಕೂಲ ಇದ್ದವರು ಒಂದು ಟಿಕೆಟ್ ಜಾಸ್ತಿ ಕೊಂಡು ಗೇಟಿನ ಡಬ್ಬಿಯಲ್ಲಿ ಹಾಕಿಹೋಗುವುದು. ಬೇಕಾದವರು ಅದರಿಂದ ತೆಗೆದುಕೊಳ್ಳಬಹುದು. ಹೆಸರು ಬರೆಸುವ ಹಾಗಿಲ್ಲ, ಯಾಕೆ ಅಂತ ಕೇಳುವ ಹಾಗಿಲ್ಲ. ಡಬ್ಬಿಯನ್ನು ನಮ್ಮ ಕಿಟಕಿಯ ಮುಂದೆ ಇಡದೆ, ಯಾರೂ ನೋಡದ ಹಾಗೆ ಪ್ರೋಗ್ರಾಂ, ಅಂದರೆ ಆಟದ ಪುಟ್ಟ ಪುಸ್ತಕ, ಮಾರುವ ಮೇಜಿನ ಪಕ್ಕಕ್ಕೆ ಇಡಬೇಕು ಅಂತ ಪಟ್ಟು ಹಿಡಿದವರು ಗೇಟಿನ ಹಿರಿಯರೇ.

ಆ ಅಪ್ಪ ಡಬ್ಬಿಯಿಂದ ಟಿಕೆಟ್ ತೆಗೆದದ್ದನ್ನು ನಾನು ನೋಡಲಿಲ್ಲ. ತೋಳಿನ ಪಟ್ಟಿ ಕಟ್ಟಿಕೊಂಡು ಗೋಲಿನ ಹಿಂದೆ ನಿಲ್ಲುವ ಕೆಲಸವನ್ನೇ ಆ ಸೀಸನ್ ಪೂರ್ತಿ ಮಾಡಿದ. ಅವನ ದೊಡ್ಡ ಮಗಳು ಈಗ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಆಡುತ್ತಾಳೆ ಅಂತ ಅಲ್ಲಿನ ಗೆಳೆಯರು ಹೇಳಿದರು. ಹಳೇ ದೀಪ ತೆಗೆದು ಎಲ್‌ಇಡಿ ಹಾಕಿಸಲು ಅನುದಾನಕ್ಕೆ ಅರ್ಜಿ ಹಾಕಿದ್ದಾರಂತೆ. ಪೂರ್ತಿ ಹಣ ಬರುವುದಿಲ್ಲ, ಕ್ಲಬ್ಬಿನ ಪಾಲು ಅಂತ ಒಂದಿಷ್ಟು ಕೂಡಿಸಬೇಕು. ನಾನೂ ನನ್ನ ಕೈಲಾದಷ್ಟು ಕಳಿಸಿದ್ದೇನೆ.